ಕಲ್ಲಿಗೆ ಕಷಾಯ: ಒಂದು ಪರೀಕ್ಷೆಯ ಚರಿತ್ರೆ

ಮೂತ್ರದ ಕಲ್ಲಿಗೆ ಗಿಡಮೂಲಿಕೆ ಕೊಡುವ ರೂಢಿ ಭಾರತದಲ್ಲಿ ಕನಿಷ್ಠ ಎರಡು ಸಾವಿರ ವರ್ಷ ಹಳೆಯದು. ಕೊಟ್ಟ ಮೂಲಿಕೆ ನಿಜಕ್ಕೂ ಕೆಲಸ ಮಾಡಿತೇ ಎಂದು ಲೆಕ್ಕವಿಟ್ಟು ನೋಡುವ ರೂಢಿಗೆ ಮುನ್ನೂರು ವರ್ಷವೂ ಆಗಿಲ್ಲ. ಹುರುಳಿ ಕಟ್ಟು, ಬಾಳೆದಿಂಡಿನ ರಸ, ನೆಗ್ಗಿಲ ಮುಳ್ಳಿನ ಕಷಾಯ, ವರುಣ ಮರದ ತೊಗಟೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಅಗಿಯುವ ಕಾಡುಬಸಳೆ ಎಲೆ ಎಲ್ಲವೂ ಇಂದಿಗೂ ಬಳಕೆಯಲ್ಲಿವೆ. ಮದ್ದಿನ ಪಟ್ಟಿ ಹೆಚ್ಚು ಬದಲಾಗಿಲ್ಲ. ಬದಲಾಗಿರುವುದು ‘ಗುಣವಾಯಿತು’ ಎಂದು ತೀರ್ಮಾನಿಸುವ ಅಳತೆಗೋಲು. ನೋವು ನಿಂತದ್ದು ಒಂದು ಕಾಲದ ಅಳತೆಯಾದರೆ, ಸಲಾಕೆಗೆ ಕಲ್ಲು ತಾಕದಿರುವುದು ಇನ್ನೊಂದು ಕಾಲದ್ದು; ಮುಂದೆ ಇಲಿಯ ಮೂತ್ರಪಿಂಡದ ತೆಳು ಸೀಳು ಬಂತು, ಕೊನೆಗೆ ಸಿ.ಟಿ. ಸ್ಕ್ಯಾನ್ ಬಂತು. ಅಳತೆ ಬಿಗಿಯಾದ ಹಾಗೆಲ್ಲ ಮೂಲಿಕೆಗಳ ಕೀರ್ತಿ ಒಂದಿಷ್ಟು ಕುಗ್ಗಿದೆ, ಅವುಗಳ ಬಗೆಗಿನ ತಿಳಿವಳಿಕೆ ಹೆಚ್ಚಿದೆ.

ಸುಶ್ರುತ ಸಂಹಿತೆ ಈ ರೋಗವನ್ನು ಅಶ್ಮರಿ ಎಂದು ಕರೆದು, ನಿದಾನಸ್ಥಾನದ ಮೂರನೆಯ ಅಧ್ಯಾಯವನ್ನೂ ಚಿಕಿತ್ಸಾಸ್ಥಾನದ ಏಳನೆಯ ಅಧ್ಯಾಯವನ್ನೂ ಅದಕ್ಕೆ ಮೀಸಲಿಟ್ಟಿದೆ. ವಾತ, ಪಿತ್ತ, ಕಫ, ಶುಕ್ರ ಎಂದು ನಾಲ್ಕು ಬಗೆ. ವಾತದ ಕಲ್ಲು ಕಪ್ಪಾಗಿ, ಗಡುಸಾಗಿ, ಕದಂಬದ ಹೂವಿನಂತೆ ಮೈಯೆಲ್ಲ ಮುಳ್ಳಾಗಿರುತ್ತದೆ ಎಂಬ ವರ್ಣನೆಯನ್ನು ಇಂದಿನ ಶಸ್ತ್ರವೈದ್ಯರು ಓದಿದರೆ ಅದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲೆಂದು ಥಟ್ಟನೆ ಗುರುತಿಸಿಯಾರು. ಕಫದ್ದು ಬಿಳುಪು, ನುಣುಪು, ಕೋಳಿಮೊಟ್ಟೆಯ ಗಾತ್ರಕ್ಕೂ ಬೆಳೆಯುವಂಥದ್ದು. ಕಲ್ಲು ಕೈಗೆ ಸಿಕ್ಕಿ, ತೊಳೆದು ನೋಡಿದವರಲ್ಲದೆ ಬೇರೆಯವರು ಹೀಗೆ ಬರೆಯುವುದು ಕಷ್ಟ. ಮೊದಲ ಮೂರು ಬಗೆಗಳು ಹೆಚ್ಚಾಗಿ ಮಕ್ಕಳಲ್ಲಿ ಕಾಣುತ್ತವೆ ಎಂಬ ಮಾತೂ ಅಲ್ಲಿದೆ. ಇದು ಮುಖ್ಯ. ಆ ಕಾಲದ ಅಶ್ಮರಿ ಬಹುಪಾಲು ಮೂತ್ರಕೋಶದ ಕಲ್ಲು. ಇಂದು ನಡುವಯಸ್ಸಿನವರ ಸೊಂಟ ಹಿಂಡುವ ಮೂತ್ರಪಿಂಡದ ಕಲ್ಲಲ್ಲ.

ಚಿಕಿತ್ಸೆಯ ಕ್ರಮದಲ್ಲೂ ಸಂಹಿತೆಗೆ ಭ್ರಮೆಯಿಲ್ಲ. ಕಲ್ಲು ಹೊಸದಿದ್ದಾಗ ಮದ್ದು, ಬಲಿತ ಮೇಲೆ ಶಸ್ತ್ರ. ವಾತದ ಕಲ್ಲಿಗೆ ಪಾಷಾಣಭೇದ ಮೊದಲಾದವುಗಳನ್ನು ಹಾಕಿ ಕಾಯಿಸಿದ ತುಪ್ಪ, ಪಿತ್ತದ್ದಕ್ಕೆ ದರ್ಭೆಯ ಜಾತಿಯ ಹುಲ್ಲುಗಳ ತುಪ್ಪ, ಕಫದ್ದಕ್ಕೆ ವರುಣಾದಿ ಗಣದ ತುಪ್ಪ. ಇವುಗಳಿಂದ ಆಗದಿದ್ದರೆ ಕೊಯ್ಯಬೇಕು. ಕೊಯ್ದರೆ ಉಳಿವು ಸಂದೇಹ, ಕೊಯ್ಯದಿದ್ದರೆ ಸಾವು ಖಚಿತ, ಆದ್ದರಿಂದ ಅರಸನಿಗೆ ತಿಳಿಸಿಯೇ ಮುಂದುವರಿಯಬೇಕು ಎಂಬುದು ಅದರ ವಿಧಿ. ಚರಕ ಸಂಹಿತೆ ಪಾಷಾಣಭೇದವನ್ನೂ ನೆಗ್ಗಿಲನ್ನೂ ಮೂತ್ರ ಹೆಚ್ಚಿಸುವ ಹತ್ತು ದ್ರವ್ಯಗಳ ಗುಂಪಿನಲ್ಲಿ ಇಟ್ಟಿದೆ. ಮೂತ್ರ ಹೆಚ್ಚಿದರೆ ಸಣ್ಣ ಕಲ್ಲು ಕೊಚ್ಚಿಹೋಗುತ್ತದೆ ಎಂಬುದು ಇದರ ಹಿಂದಿನ ತರ್ಕ.

ಪಾಷಾಣಭೇದ ಯಾವ ಗಿಡ ಎಂಬುದು ಮಾತ್ರ ಹಳೆಯ ತಂಟೆ. ಹಿಮಾಲಯದ ತಪ್ಪಲಿನಲ್ಲಿ ಬಂಡೆಸೀಳುಗಳಲ್ಲಿ ಬೆಳೆಯುವ ಬರ್ಜೀನಿಯಾ ಎಂಬ ಸಸ್ಯದ ಕೆಂಪು ಬೇರುಗಡ್ಡೆಯನ್ನು ಉತ್ತರದವರು ಪಾಷಾಣಭೇದವೆಂದು ಮಾರುತ್ತಾರೆ. ಬಂಗಾಳದಲ್ಲಿ ಆ ಹೆಸರು ನಮ್ಮ ದೊಡ್ಡಪತ್ರೆಗೆ ಸಲ್ಲುತ್ತದೆ. ಕೇರಳದ ವೈದ್ಯರಿಗೆ ಅದು ಹೊಳೆದಡದ ಬಂಡೆಗಳ ನಡುವೆ ಬೆಳೆಯುವ ರೋಟುಲಾ ಎಂಬ ಪೊದೆ. ಏರ್ವಾ ಲನಾಟಾ ಎಂಬ ಬಿಳಿನವಿರಿನ ಕಳೆಗಿಡದ ಬೇರೂ ದಕ್ಷಿಣದ ಗಂಧಿಗೆ ಅಂಗಡಿಗಳಲ್ಲಿ ಇದೇ ಹೆಸರಿನಲ್ಲಿ ಸಿಕ್ಕಿದ್ದುಂಟು. ಇವುಗಳೆಲ್ಲ ಬೇರೆಬೇರೆ ಕುಟುಂಬದ ಸಸ್ಯಗಳು. ಒಳಗಿರುವ ರಾಸಾಯನಿಕಗಳೂ ಬೇರೆ. ಹಾಗಾಗಿ ‘ಪಾಷಾಣಭೇದದಿಂದ ಕಲ್ಲು ಹೋಯಿತು’ ಎಂಬ ಅನುಭವದ ಮಾತನ್ನು ಪರೀಕ್ಷೆಗೆ ಒಡ್ಡುವ ಮುನ್ನ ಯಾವ ಊರಿನ ಪಾಷಾಣಭೇದ ಎಂದು ಕೇಳಬೇಕಾಗುತ್ತದೆ. ಇಪ್ಪತ್ತನೇ ಶತಮಾನದ ಹಲವು ಪ್ರಬಂಧಗಳು ಈ ಪ್ರಶ್ನೆ ಕೇಳದೆಯೇ ಮುಂದೆ ಸಾಗಿವೆ.

ಕಲ್ಲಿನ ಮದ್ದನ್ನು ಸರ್ಕಾರದ ಖರ್ಚಿನಲ್ಲಿ, ಸಾಕ್ಷಿಗಳ ಎದುರಿಗೆ ಪರೀಕ್ಷಿಸಿದ ಮೊದಲ ದೊಡ್ಡ ಪ್ರಸಂಗ ನಡೆದದ್ದು ಇಂಗ್ಲೆಂಡಿನಲ್ಲಿ. ಜೊಆನಾ ಸ್ಟೀಫನ್ಸ್ ಎಂಬಾಕೆ ಕಲ್ಲು ಕರಗಿಸುವ ಗುಟ್ಟಿನ ಮದ್ದು ತನ್ನಲ್ಲಿದೆಯೆಂದು ಹೆಸರು ಮಾಡಿದ್ದಳು. ಗುಟ್ಟು ಬಿಟ್ಟುಕೊಡಲು ಆಕೆ ಕೇಳಿದ ಬೆಲೆ 5,000 ಪೌಂಡು. 1738ರಲ್ಲಿ ಸಾರ್ವಜನಿಕ ಚಂದಾ ಎತ್ತಿದರೂ ಅಷ್ಟು ಹಣ ಕೂಡಲಿಲ್ಲ. ಕೊನೆಗೆ ಪಾರ್ಲಿಮೆಂಟೇ ಹಣ ಮಂಜೂರು ಮಾಡಿತು. 1739ರ ಜೂನ್‌ನಲ್ಲಿ ಲಂಡನ್ ಗೆಜೆಟ್ಟಿನಲ್ಲಿ ಪ್ರಕಟವಾದ ವಿಧಾನದಲ್ಲಿ ಮೂರು ಅಂಗಗಳಿದ್ದವು. ಸುಟ್ಟ ಮೊಟ್ಟೆಚಿಪ್ಪು ಮತ್ತು ಬಸವನಹುಳುವಿನ ಪುಡಿ ಒಂದು. ಸಾಬೂನಿನ ಜೊತೆ ಕ್ಯಾಮೊಮೈಲ್, ಸೋಂಪಿನ ಜಾತಿಯ ಸೊಪ್ಪು, ಪಾರ್ಸ್ಲಿ ಮೊದಲಾದ ಎಲೆಗಳನ್ನು ಕುದಿಸಿದ ಕಷಾಯ ಇನ್ನೊಂದು. ಸುಟ್ಟ ಬೀಜಗಳನ್ನು ಸಾಬೂನು ಜೇನಿನಲ್ಲಿ ಕಲಸಿದ ಗುಳಿಗೆ ಮೂರನೆಯದು. ಮದ್ದನ್ನು ಪರೀಕ್ಷಿಸಲು ನೇಮಿಸಿದ ಧರ್ಮದರ್ಶಿಗಳ ಮಂಡಳಿಯಲ್ಲಿ ವಿಲಿಯಂ ಚೆಸಲ್ಡನ್ ಇದ್ದ. ಕಲ್ಲು ಕೊಯ್ಯುವುದರಲ್ಲಿ ಯೂರೋಪಿನಲ್ಲೇ ಹೆಸರಾಂತ ಕೈ ಅವನದು.

ಪರೀಕ್ಷೆಗೆ ನಾಲ್ವರು ರೋಗಿಗಳನ್ನು ಆರಿಸಿದರು. ಮದ್ದಿಗೆ ಮುಂಚೆ ಲೋಹದ ಸಲಾಕೆ ತೂರಿಸಿ ಕಲ್ಲಿನ ಟಣ್ ಸದ್ದು ಕೇಳಿದ್ದರು, ಆಮೇಲೆ ಕೇಳಲಿಲ್ಲ. 1740ರ ಮಾರ್ಚ್‌ನಲ್ಲಿ ಮಂಡಳಿ ಒಪ್ಪಿಗೆ ಕೊಟ್ಟಿತು, ಹಣ ಸಂದಾಯವಾಯಿತು. ಆ ರೋಗಿಗಳು ತೀರಿಕೊಂಡಾಗ ಕಲ್ಲುಗಳು ಮೂತ್ರಕೋಶದ ಗೋಡೆಯ ಚೀಲಗಳಲ್ಲಿ ಹುದುಗಿದ್ದದ್ದು ಕಂಡಿತೆಂದು ನಂತರದ ವೈದ್ಯಗ್ರಂಥಗಳು ಬರೆದಿವೆ. ಹಾಗೆಂದು ಇಡೀ ಪ್ರಸಂಗವನ್ನು ನಗೆಪಾಟಲು ಮಾಡುವಂತಿಲ್ಲ. ಸುಣ್ಣ ಮತ್ತು ಸಾಬೂನು ಎರಡೂ ಕ್ಷಾರ. ಮೂತ್ರ ಕ್ಷಾರವಾದರೆ ಯೂರಿಕ್ ಆಮ್ಲದ ಕಲ್ಲು ನಿಜವಾಗಿಯೂ ಕರಗುತ್ತದೆ, ಇಂದಿನ ಚಿಕಿತ್ಸೆಯೂ ಅದೇ ತತ್ತ್ವದ್ದು. ಸುಣ್ಣದ ನೀರಿನ ಜಾಡು ಹಿಡಿದ ಎಡಿನ್‌ಬರೋದ ಜೋಸೆಫ್ ಬ್ಲ್ಯಾಕ್, ಕಲ್ಲು ಕರಗಿಸುವ ಇನ್ನೂ ಮೃದುವಾದ ಕ್ಷಾರವನ್ನು ಹುಡುಕುತ್ತಲೇ ಇಂಗಾಲದ ಡೈಆಕ್ಸೈಡನ್ನು ಗುರುತಿಸಿದ. ಕಷಾಯದಲ್ಲಿದ್ದ ಸೊಪ್ಪುಗಳ ಪಾತ್ರ ಏನು ಎಂಬುದು ಮಾತ್ರ ಈ ಪರೀಕ್ಷೆಯಿಂದ ತಿಳಿಯಲಿಲ್ಲ.

ಕಲ್ಲು ಒಂದೇ ವಸ್ತುವಲ್ಲ ಎಂಬುದು ತಿಳಿದದ್ದು ಆಮೇಲೆ. ಸ್ವೀಡನ್ನಿನ ಕಾರ್ಲ್ ಷೀಲೆ 1776ರಲ್ಲಿ ಕಲ್ಲಿನಿಂದ ಯೂರಿಕ್ ಆಮ್ಲವನ್ನು ತೆಗೆದ. ವಿಲಿಯಂ ವೊಲಾಸ್ಟನ್ 1797ರಲ್ಲಿ ಆಕ್ಸಲೇಟ್ ಮತ್ತು ಫಾಸ್ಫೇಟ್ ಕಲ್ಲುಗಳನ್ನು ವಿವರಿಸಿ, 1810ರಲ್ಲಿ ಸಿಸ್ಟೀನ್ ಕಲ್ಲನ್ನೂ ಸೇರಿಸಿದ. ಈಗ ಸಿಗುವ ಮೂತ್ರಪಿಂಡದ ಕಲ್ಲುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕ್ಯಾಲ್ಸಿಯಂ ಆಕ್ಸಲೇಟಿನವು. ಮೂತ್ರ ಎಷ್ಟೇ ಕ್ಷಾರವಾದರೂ ಅವು ಕರಗವು. ಸಸ್ಯಸಾರಗಳ ಪರೀಕ್ಷೆಯ ಮುಂದಿನ ಕಥೆಯೆಲ್ಲ ಹೆಚ್ಚುಕಡಿಮೆ ಈ ಒಂದು ಹಟಮಾರಿ ಲವಣದ ಸುತ್ತ ತಿರುಗುತ್ತದೆ.

ಭಾರತದಲ್ಲಿ ಪ್ರಯೋಗಾಲಯದ ಕಲ್ಲು ಮೊದಲು ಹುಟ್ಟಿದ್ದು ನೀಲಗಿರಿಯ ಕೂನೂರಿನಲ್ಲಿ. ಅಲ್ಲಿನ ಪಾಸ್ಚರ್ ಸಂಸ್ಥೆಯಲ್ಲಿ ಪೌಷ್ಟಿಕತೆಯ ಸಂಶೋಧನೆ ಮಾಡುತ್ತಿದ್ದ ರಾಬರ್ಟ್ ಮೆಕ್‌ಕ್ಯಾರಿಸನ್ 1920ರ ದಶಕದಲ್ಲಿ ಇಲಿಗಳಿಗೆ ಧಾನ್ಯದ ಹಿಟ್ಟೇ ಪ್ರಧಾನವಾದ, ಎ ಜೀವಸತ್ವ ಕಡಿಮೆಯಿರುವ ಆಹಾರ ಕೊಟ್ಟು ಅವುಗಳ ಮೂತ್ರಕೋಶದಲ್ಲಿ ಕಲ್ಲು ಬರಿಸಿದ. ಅದೇ ಆಹಾರಕ್ಕೆ ಹಾಲು ಸೇರಿಸಿದರೆ ಕಲ್ಲು ಬರುತ್ತಿರಲಿಲ್ಲ. ವಾಯವ್ಯ ಭಾರತದ ಬಡ ಮಕ್ಕಳಲ್ಲಿ ವ್ಯಾಪಕವಾಗಿದ್ದ ಮೂತ್ರಕೋಶದ ಕಲ್ಲಿಗೆ ಇದು ಕಾರಣ ತೋರಿಸಿತು. ಊಟ ಸುಧಾರಿಸಿದಂತೆ ಆ ಕಲ್ಲು ಮಕ್ಕಳಿಂದ ಬಹುಮಟ್ಟಿಗೆ ಮರೆಯಾಯಿತು, ದೊಡ್ಡವರ ಮೂತ್ರಪಿಂಡದ ಕಲ್ಲು ಏರತೊಡಗಿತು. ಅಂದರೆ ಸುಶ್ರುತ ಮದ್ದು ಹೇಳಿದ ರೋಗ ಬೇರೆ, ಅದೇ ಮದ್ದನ್ನು ಇಂದು ಪರೀಕ್ಷಿಸುತ್ತಿರುವ ರೋಗ ಬೇರೆ. ಈ ವಿಷಯವನ್ನು ಮೂಲಿಕೆಯ ಪರ, ವಿರೋಧ ಎರಡೂ ಕಡೆಯ ಪ್ರತಿಪಾದಕರು ಸುಲಭವಾಗಿ ಮರೆಯುತ್ತಾರೆ.

ಸ್ವಾತಂತ್ರ್ಯದ ನಂತರ ಎರಡು ಹೊಳೆಗಳು ಒಟ್ಟೊಟ್ಟಿಗೆ ಹರಿದವು. ಒಂದು ಕಾನೂನಿನದು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ಯಾವ ರೋಗಗಳಿಗೆ ಮದ್ದಿದೆಯೆಂದು ಜಾಹೀರಾತು ಕೊಡಬಾರದೆಂಬ ಪಟ್ಟಿ ಮಾಡಿತು. ಪಿತ್ತಕೋಶ, ಮೂತ್ರಪಿಂಡ, ಮೂತ್ರಕೋಶದ ಕಲ್ಲುಗಳು ಅದರಲ್ಲಿವೆ. ಬಸ್‌ ನಿಲ್ದಾಣದ ಗೋಡೆಗಳು ಈ ಕಾಯಿದೆಯನ್ನು ಓದಿದಂತೆ ಕಾಣುವುದಿಲ್ಲ. ಇನ್ನೊಂದು ಸಂಶೋಧನೆಯದು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಿ. ಜೆ. ದೇಶಪಾಂಡೆ ಮತ್ತು ಸಂಗಡಿಗರು ವರುಣದ ತೊಗಟೆಯ ಕಷಾಯವನ್ನು ರೋಗಿಗಳಿಗೆ ಕೊಟ್ಟು, ಮೂತ್ರಸಂಬಂಧಿ ತೊಂದರೆಗಳಿಗೆ ಇದೇ ಆಯುರ್ವೇದದ ಮೊದಲ ಆಯ್ಕೆ ಎಂದು 1982ರಲ್ಲಿ ಬರೆದರು. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪಿ. ವರಲಕ್ಷ್ಮಿ ಅವರ ತಂಡ ಅದೇ ತೊಗಟೆಯನ್ನು ಆಕ್ಸಲೇಟ್ ಹೆಚ್ಚಿಸಿದ ಇಲಿಗಳ ಮೇಲೆ ನೋಡಿತು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ 1994ರ ಹೊತ್ತಿಗೆ ತೊಗಟೆಯಿಂದ ಲೂಪಿಯಾಲ್ ಎಂಬ ವಸ್ತುವನ್ನು ಬೇರ್ಪಡಿಸಿ ಅದೇ ಕ್ರಿಯಾಶೀಲ ಅಂಶವೆಂದಿತು; ನೆಗ್ಗಿಲಿನ ಸಾರವನ್ನೂ ಅಲ್ಲಿ ಪರೀಕ್ಷಿಸಿದರು. ಇಲಿಯ ಮೂತ್ರಕೋಶದೊಳಗೆ ಪುಟ್ಟ ಗಾಜಿನ ಮಣಿ ಇಟ್ಟು ಹೊಲಿದರೆ ಅದರ ಸುತ್ತ ಲವಣ ಕಟ್ಟುತ್ತದೆ. ಮದ್ದು ಕುಡಿದ ಇಲಿಯಲ್ಲಿ ಎಷ್ಟು ಕಟ್ಟಿತು, ಕುಡಿಯದ ಇಲಿಯಲ್ಲಿ ಎಷ್ಟು ಎಂದು ತೂಗಿ ನೋಡುವುದು ವಿಧಾನ.

ಕಾಲೇಜುಗಳಿಗೆ ಈ ಶಸ್ತ್ರಕ್ರಿಯೆ ದುಬಾರಿ. ಅಲ್ಲಿ ಚಾಲ್ತಿಗೆ ಬಂದದ್ದು ಎಥಿಲೀನ್ ಗ್ಲೈಕಾಲ್, ವಾಹನಗಳ ರೇಡಿಯೇಟರಿಗೆ ಹಾಕುವ ದ್ರವ. ಕುಡಿಯುವ ನೀರಿಗೆ ಅದನ್ನು ಶೇಕಡಾ 0.75ರಷ್ಟು ಬೆರೆಸಿ 28 ದಿನ ಗಂಡು ಇಲಿಗಳಿಗೆ ಕೊಟ್ಟರೆ ಪಿತ್ತಜನಕಾಂಗ ಅದನ್ನು ಆಕ್ಸಲೇಟಾಗಿ ಮಾರ್ಪಡಿಸುತ್ತದೆ, ಮೂತ್ರಪಿಂಡದ ನಳಿಕೆಗಳಲ್ಲಿ ಹರಳು ತುಂಬುತ್ತದೆ. ಕೆಲವು ಇಲಿಗಳಿಗೆ ಮೊದಲ ದಿನದಿಂದಲೇ ಸಸ್ಯಸಾರ ಕೊಡುವುದು ತಡೆಯುವ ಪರೀಕ್ಷೆ, ಹದಿನೈದನೆಯ ದಿನದಿಂದ ಕೊಡುವುದು ಗುಣಪಡಿಸುವ ಪರೀಕ್ಷೆ. ಇನ್ನೂ ಅಗ್ಗದ್ದು ಬೇಕಾದರೆ ಮೊಟ್ಟೆಯ ದಾರಿಯಿದೆ. ಆಮ್ಲದಲ್ಲಿ ಚಿಪ್ಪು ಕರಗಿಸಿ ಉಳಿದ ಪೊರೆಯ ಚೀಲದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಪುಡಿಯನ್ನೂ ಸಸ್ಯಸಾರವನ್ನೂ ತುಂಬಿ, ದ್ರಾವಣದಲ್ಲಿ ತೂಗುಹಾಕಿ, ಕರಗದೆ ಉಳಿದದ್ದೆಷ್ಟೆಂದು ಪೊಟ್ಯಾಸಿಯಂ ಪರ್ಮಾಂಗನೇಟಿನಿಂದ ಅಳೆಯುತ್ತಾರೆ. ಸ್ಟೀಫನ್ಸ್ ಮೊಟ್ಟೆಯ ಚಿಪ್ಪನ್ನು ಮದ್ದು ಮಾಡಿದಳು, ಇವರು ಪೊರೆಯನ್ನು ಪಾತ್ರೆ ಮಾಡಿದರು.

ಕರ್ನಾಟಕವೂ ಸೇರಿ ದೇಶದ ಫಾರ್ಮಸಿ ಕಾಲೇಜುಗಳ ಸ್ನಾತಕೋತ್ತರ ಪ್ರಬಂಧಗಳಲ್ಲಿ ಈ ಎರಡು ವಿಧಾನಗಳಿಂದ ಪರೀಕ್ಷೆಯಾಗದ ಗಿಡ ಹುಡುಕುವುದೇ ಕಷ್ಟ. ಹುರುಳಿ, ಬಾಳೆದಿಂಡು, ಕಾಡುಬಸಳೆ, ನೆಲನೆಲ್ಲಿ, ಎಲ್ಲಕ್ಕೂ ‘ಗಮನಾರ್ಹ ಪರಿಣಾಮ’ ಸಿಕ್ಕಿದೆ. ಎಲ್ಲ ಅಭ್ಯರ್ಥಿಗಳೂ ತೇರ್ಗಡೆಯಾಗುವ ಪರೀಕ್ಷೆಯಿಂದ ತಿಳಿಯುವುದು ಕಡಿಮೆ. ಎಥಿಲೀನ್ ಗ್ಲೈಕಾಲ್ ಇಲಿಗೆ ವಿಷ. ಮೂತ್ರಪಿಂಡದ ಜೀವಕೋಶಗಳನ್ನು ಅದು ಘಾಸಿ ಮಾಡುತ್ತದೆ, ಘಾಸಿಯಾದ ಕಡೆ ಹರಳು ಅಂಟುತ್ತದೆ. ಉತ್ಕರ್ಷಣ ತಡೆಯುವ ಗುಣವಿರುವ ಯಾವ ಸೊಪ್ಪಿನ ಸಾರವಾದರೂ ಈ ಘಾಸಿಯನ್ನು ಸ್ವಲ್ಪ ತಗ್ಗಿಸೀತು. ಮನುಷ್ಯನಲ್ಲಿ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವ ಕಲ್ಲಿಗೆ ಇದು ಸರಿಯಾದ ಪ್ರತಿರೂಪವಲ್ಲ. ಮೊಟ್ಟೆಯ ಪೊರೆಯೊಳಗೆ ಸುರಿದಷ್ಟು ಸಾರ ಮೂತ್ರವನ್ನು ತಲುಪುವುದೂ ಇಲ್ಲ. ಕುಡಿದದ್ದು ಕರುಳನ್ನೂ ಪಿತ್ತಜನಕಾಂಗವನ್ನೂ ದಾಟಬೇಕು. ಇನ್ನೊಂದು ವಿಚಿತ್ರವಿದೆ. ಈ ಪ್ರಬಂಧಗಳಲ್ಲಿ ಹೊಸ ಗಿಡವನ್ನು ಹೋಲಿಸಲು ‘ಪ್ರಮಾಣಿತ ಔಷಧ’ವೆಂದು ಹೆಚ್ಚಾಗಿ ಬಳಸುವುದು ಸಿಸ್ಟೋನ್ ಎಂಬ ಗಿಡಮೂಲಿಕೆ ಮಾತ್ರೆಯನ್ನು, ಇಲಿಯ ತೂಕದ ಕಿಲೋಗೆ 750 ಮಿಲಿಗ್ರಾಂ ಲೆಕ್ಕದಲ್ಲಿ. ಅಳೆಯುವ ಕೋಲನ್ನೇ ಬಿಗಿಯಾಗಿ ಅಳೆದದ್ದು ಕಡಿಮೆ.

ಹೊರದೇಶಗಳಲ್ಲಿ ಕೆಲಸ ಮಾಡಿದವರ ಪೈಕಿ ಸಾವೊ ಪಾಲೊ ನಗರದ ವೈದ್ಯವಿಶ್ವವಿದ್ಯಾಲಯದ ನೆಸ್ಟರ್ ಶೋರ್ ಮತ್ತು ಸಹೋದ್ಯೋಗಿಗಳು ಎದ್ದು ಕಾಣುತ್ತಾರೆ. ನಮ್ಮ ಹಳ್ಳಿಗಳಲ್ಲಿ ನೆಲನೆಲ್ಲಿಯ ಹೆಸರು ಕಾಮಾಲೆಗೆ; ಬ್ರೆಜಿಲಿನಲ್ಲಿ ಅದೇ ಪ್ರಭೇದಗುಂಪಿನ ಗಿಡದ ಚಹಾವನ್ನು ಕಲ್ಲಿಗೆ ಕುಡಿಯುತ್ತಾರೆ. 1999ರಲ್ಲಿ ಈ ತಂಡ ಮೂತ್ರಪಿಂಡದ ನಳಿಕೆಯ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಆಕ್ಸಲೇಟ್ ಹರಳು ಸುರಿಯಿತು. ಜೀವಕೋಶಗಳು ಹರಳನ್ನು ನುಂಗುವುದನ್ನು ಗಿಡದ ಸಾರ ತಡೆಯಿತು. ಹರಳು ಕರಗಲಿಲ್ಲ, ಜೀವಕೋಶದೊಳಗೆ ಸೇರಲಿಲ್ಲ ಅಷ್ಟೆ. 2004ರಲ್ಲಿ ರೋಗಿಗಳಿಗೆ ಕೊಟ್ಟಾಗ, ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದವರಲ್ಲಿ ಮಾತ್ರ ಅದು ಇಳಿದದ್ದು ಕಂಡಿತು. ‘ಕರಗಿಸುತ್ತದೆಯೇ’ ಎಂಬ ಹಳೆಯ ಪ್ರಶ್ನೆಯನ್ನು ಬಿಟ್ಟು ‘ಯಾವ ಹೆಜ್ಜೆಯಲ್ಲಿ ಅಡ್ಡ ಬರುತ್ತದೆ’ ಎಂದು ಕೇಳಿದ್ದರಲ್ಲಿ ಈ ಕೆಲಸದ ಬೆಲೆಯಿದೆ. ಸ್ಪೇನಿನ ಮಜೋರ್ಕಾದಲ್ಲಿ ಫೆಲಿಕ್ಸ್ ಗ್ರಾಸೆಸ್ ತಂಡ ಯೂರೋಪಿನ ಕಲ್ಲುಮದ್ದಿನ ಸೊಪ್ಪುಗಳನ್ನು 1990ರ ದಶಕದಲ್ಲಿ ಒಂದೊಂದಾಗಿ ಇಲಿಗಳ ಮೇಲೆ ನೋಡಿ, ಲಾಭವಿದ್ದರೂ ಅಲ್ಪ ಎಂದಿತು.

ಮನುಷ್ಯರ ಮೇಲಿನ ಪರೀಕ್ಷೆಗೆ ಎರಡು ದೊಡ್ಡ ತೊಡಕುಗಳಿವೆ. 5 ಮಿಲಿಮೀಟರಿಗಿಂತ ಸಣ್ಣ ಕಲ್ಲು ಮೂತ್ರನಾಳಕ್ಕೆ ಇಳಿದರೆ ಮೂರರಲ್ಲಿ ಎರಡು ಸಲ ತಾನಾಗಿಯೇ ಹೊರಬೀಳುತ್ತದೆ. ಆ ವಾರಗಳಲ್ಲಿ ರೋಗಿ ಏನು ಕುಡಿಯುತ್ತಿದ್ದರೂ ಕೀರ್ತಿ ಅದಕ್ಕೆ ಸಲ್ಲುತ್ತದೆ. ಎರಡನೆಯದು ನೀರು. ಇಟಲಿಯ ಪಾರ್ಮಾದ ಲೋರಿಸ್ ಬೋರ್ಗಿ ಮತ್ತು ಸಂಗಡಿಗರು ಮೊದಲ ಸಲ ಕಲ್ಲು ಬಂದ 199 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 2 ಲೀಟರ್ ಮೂತ್ರ ಬರುವಷ್ಟು ನೀರು ಕುಡಿಯಲು ಹೇಳಿ, ಐದು ವರ್ಷ ಕಾದರು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಗುಂಪಿನಲ್ಲಿ ಶೇಕಡಾ 12 ಮಂದಿಗೆ ಕಲ್ಲು ಮರುಕಳಿಸಿತು, ಇನ್ನೊಂದರಲ್ಲಿ 27 ಮಂದಿಗೆ. ಬರೀ ನೀರಿನ ಸಾಮರ್ಥ್ಯ ಇಷ್ಟು. ಹುರುಳಿ ಕಟ್ಟನ್ನೋ ದಿಂಡಿನ ರಸವನ್ನೋ ದಿನಾ ಚೊಂಬುಗಟ್ಟಲೆ ಕುಡಿದವರಿಗೆ ಅನುಕೂಲವಾಗಿದ್ದರೆ, ಹುರುಳಿಯ ಪಾಲೆಷ್ಟು ನೀರಿನ ಪಾಲೆಷ್ಟು ಎಂದು ವಿಂಗಡಿಸದೆ ತೀರ್ಪು ಕೊಡಲಾಗದು.

ಹೀಗೆ ವಿಂಗಡಿಸಲು ಯತ್ನಿಸಿದ ಪರೀಕ್ಷೆಗಳು ಬೆರಳೆಣಿಕೆಯವು. ಇಟಲಿಯಲ್ಲೇ ಮಿಕಾಲಿ ಮತ್ತು ಸಹೋದ್ಯೋಗಿಗಳು, ಆಘಾತ ತರಂಗದಿಂದ ಕಲ್ಲು ಪುಡಿ ಮಾಡಿಸಿಕೊಂಡ 150 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 2 ಗ್ರಾಂ ನೆಲನೆಲ್ಲಿ ಸಾರ ಕೊಟ್ಟು 2006ರಲ್ಲಿ ವರದಿ ಮಾಡಿದರು. ಆರು ತಿಂಗಳ ಬಳಿಕ ಕಲ್ಲುಮುಕ್ತರಾದವರು ಮದ್ದಿನ ಗುಂಪಿನಲ್ಲಿ ಶೇಕಡಾ 93.5, ಇನ್ನೊಂದರಲ್ಲಿ 83.3. ಒಟ್ಟಾರೆ ನೋಡಿದರೆ ಈ ಅಂತರ ಆಕಸ್ಮಿಕವೂ ಆಗಿರಬಹುದು. ಮೂತ್ರಪಿಂಡದ ಕೆಳಬಟ್ಟಲಿನ ಕಲ್ಲುಗಳಲ್ಲಿ ಮಾತ್ರ ಅಂತರ ಸ್ಪಷ್ಟವಾಗಿತ್ತು. ಆ ಬಟ್ಟಲಿನಿಂದ ಪುಡಿ ಹೊರಬರುವುದೇ ಕಷ್ಟವಾದ್ದರಿಂದ ಇದನ್ನು ತಳ್ಳಿಹಾಕುವಂತಿಲ್ಲ. ಕಲ್ಲನ್ನು ಒಡೆದದ್ದು ಯಂತ್ರ. ಗಿಡ ಮಾಡಿದ್ದೇನಿದ್ದರೂ ಚೂರು ಗುಡಿಸುವ ಕೆಲಸ.

ಬೆಂಗಳೂರಿನ ಹಿಮಾಲಯ ಕಂಪನಿಯ ಸಿಸ್ಟೋನನ್ನು ಅಮೆರಿಕದ ಮೇಯೋ ಕ್ಲಿನಿಕ್ ಪರೀಕ್ಷಿಸಿತು. ಪದೇಪದೇ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಬರುತ್ತಿದ್ದ 10 ಜನ. ಮೊದಲ ಹಂತದಲ್ಲಿ ಮದ್ದು ಯಾವುದು ಹುಸಿಮಾತ್ರೆ ಯಾವುದು ಎಂದು ಯಾರಿಗೂ ಗೊತ್ತಿಲ್ಲ, ಎರಡನೆಯ ಹಂತದಲ್ಲಿ ಒಂದು ವರ್ಷ ಮದ್ದು. 2011ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಮೂತ್ರದ ರಾಸಾಯನಿಕ ಸ್ವರೂಪ ಬದಲಾಗಲಿಲ್ಲ, ಸಿ.ಟಿ. ಸ್ಕ್ಯಾನಿನಲ್ಲಿ ಕಲ್ಲಿನ ಒಟ್ಟು ಪ್ರಮಾಣ ವರ್ಷದ ಕೊನೆಗೆ ಸರಾಸರಿಯಲ್ಲಿ ಹೆಚ್ಚೇ ಇತ್ತು. ಹತ್ತು ಜನರ ಪರೀಕ್ಷೆಯಿಂದ ಕೊನೆಯ ಮಾತು ಹೇಳಲಾಗದು, ನಿಜ. ಆದರೆ ಇಲಿಗಳಲ್ಲಿ ಪ್ರಮಾಣಿತವೆಂದು ಕರೆಸಿಕೊಂಡ ಮಾತ್ರೆಗೆ ಮನುಷ್ಯರಲ್ಲಿ ಸಿಕ್ಕ ಫಲಿತಾಂಶ ಅದು. ಅದಾದ ಮೇಲೂ ಫಾರ್ಮಸಿ ಪ್ರಬಂಧಗಳಲ್ಲಿ ಅದರ ಸ್ಥಾನ ಅಲುಗಲಿಲ್ಲ.

ಹೆಚ್ಚು ಕುತೂಹಲ ಹುಟ್ಟಿಸಿದ ತಿರುವು, ಕಲ್ಲಿನ ಮದ್ದೆಂದು ಯಾರೂ ಕೊಂಡಾಡದ ಒಂದು ಮಲೆನಾಡಿನ ಹಣ್ಣಿನಿಂದ ಬಂತು. ಉಪ್ಪಾಗೆಯ ಒಣಸಿಪ್ಪೆ ಹುಳಿಗೆಂದು ಪಶ್ಚಿಮಘಟ್ಟದ ಅಡುಗೆಮನೆಗಳಲ್ಲಿ ಹಿಂದಿನಿಂದ ಇದ್ದದ್ದು. ಅದರ ಹುಳಿ ಸಿಟ್ರಿಕ್ ಅಥವಾ ಟಾರ್ಟಾರಿಕ್ ಆಮ್ಲದ್ದೆಂದು ತಿಳಿದಿದ್ದರು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿದವರು ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್. 1990ರ ದಶಕದಲ್ಲಿ ಇದು ತೂಕ ಇಳಿಸುವ ಪುಡಿಯಾಗಿ ಜಗತ್ತಿಗೆಲ್ಲ ರಫ್ತಾಗಿ, ಉತ್ತರ ಕನ್ನಡದ ಕಾಡುಗಳಲ್ಲಿ ಕಾಯಿ ಬಲಿಯುವ ಮುನ್ನವೇ ಕೊಯ್ಯುವ ಪೈಪೋಟಿ ಎದ್ದಿತು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ತೂಕದ ಮಟ್ಟಿಗೆ ಹುಸಿಮಾತ್ರೆಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ.

ಕಲ್ಲಿನ ಸಂಬಂಧ ಹೊಳೆದದ್ದು ಸಿಟ್ರೇಟಿನ ಮೂಲಕ. ಮೂತ್ರದಲ್ಲಿನ ಸಿಟ್ರೇಟ್ ಕ್ಯಾಲ್ಸಿಯಂ ಹರಳು ಬೆಳೆಯದಂತೆ ತಡೆಯುತ್ತದೆ. ಪೊಟ್ಯಾಸಿಯಂ ಸಿಟ್ರೇಟ್ 1980ರ ದಶಕದಿಂದ ಅಂಗೀಕೃತ ಔಷಧ. ಅದರ ಹತ್ತಿರದ ನೆಂಟನಾದ ಹೈಡ್ರಾಕ್ಸಿಸಿಟ್ರೇಟನ್ನು ಹ್ಯೂಸ್ಟನ್ ವಿಶ್ವವಿದ್ಯಾಲಯದ ಜೆಫ್ರಿ ರೈಮರ್ ತಂಡ ಪರಮಾಣು ಬಲ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿತು. 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ವರದಿಯಂತೆ, ಅದು ಹರಳಿನ ಬೆಳವಣಿಗೆಯನ್ನು ತಡೆಯುವುದಷ್ಟೇ ಅಲ್ಲ, ಕೆಲವು ಸಾಂದ್ರತೆಗಳಲ್ಲಿ, ಹರಳು ಬೆಳೆಯಬೇಕಾದ ದ್ರಾವಣದಲ್ಲೇ ಅದನ್ನು ಸವೆಸುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಕರಗುವ ದೃಶ್ಯ ಕೊನೆಗೂ ಕಣ್ಣಿಗೆ ಬಿತ್ತು. ನುಂಗಿದ ಆಮ್ಲ ಮೂತ್ರದಲ್ಲಿ ಹೊರಬರುತ್ತದೆ ಎಂಬುದನ್ನೂ ಕೆಲವೇ ಜನರಲ್ಲಿ ನೋಡಿದರು. ಎಷ್ಟೋ ಸಸ್ಯಸಾರಗಳು ಎಡವಿದ್ದು ಈ ಎರಡನೆಯ ಹೆಜ್ಜೆಯಲ್ಲೇ.

ಅಲ್ಲಿಂದ ಮುಂದಿನ ದಾರಿ ನಿಧಾನದ್ದು. ಗಾರ್ಸಿನಿಯಾ ಎಂಬ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ಸಿಗುವ ಉಪ್ಪಾಗೆಯ ಪುಡಿಗಳಲ್ಲಿ ಆಮ್ಲದ ಅಂಶ ಒಂದರಂತೆ ಇನ್ನೊಂದರಲ್ಲಿಲ್ಲ, ಅವುಗಳನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ. ಆದ್ದರಿಂದ ಪರೀಕ್ಷೆಗೆ ಬೇಕಾದದ್ದು ಅಡುಗೆಯ ಸಿಪ್ಪೆಯೂ ಅಲ್ಲ, ಅಂಗಡಿಯ ಡಬ್ಬಿಯೂ ಅಲ್ಲ, ಅಳತೆ ಗೊತ್ತಿರುವ ಶುದ್ಧ ವಸ್ತು. ಮೂತ್ರದ ರಸಾಯನವನ್ನು ಕೆಲವು ವಾರಗಳಲ್ಲಿ ಅಳೆಯಬಹುದು. ಕಲ್ಲು ಮತ್ತೆ ಬರುತ್ತದೆಯೇ ಎಂದು ತಿಳಿಯಲು ವರ್ಷಗಳೇ ಬೇಕು, ಏಕೆಂದರೆ ಒಮ್ಮೆ ಕಲ್ಲು ಬಂದವರಲ್ಲಿ ಸುಮಾರು ಅರ್ಧ ಜನರಿಗೆ ಅದು ಮರುಕಳಿಸಲು ಹತ್ತು ವರ್ಷ ಹಿಡಿಯುತ್ತದೆ. ವರುಣ, ನೆಗ್ಗಿಲು, ಹುರುಳಿ ಇವುಗಳಲ್ಲಿ ಯಾವುದನ್ನೂ, ನೀರನ್ನೇ ಎದುರಾಳಿಯಾಗಿಟ್ಟು, ಅಷ್ಟು ದೀರ್ಘಕಾಲ ಪರೀಕ್ಷೆಗೆ ಒಡ್ಡುವುದು ಇನ್ನೂ ಬಾಕಿಯಿದೆ.